ಜರಡಿ ಅಕ್ಕನೂ ಐಸಿನ ಡಬ್ಬಿಯೂ

ನಾನು ಏನು ಕೆಲಸ ಮಾಡುತ್ತೇನೆಂದು ನನ್ನ ಅಮ್ಮ ಇದುವರೆಗೆ ಯಾರಿಗೂ ಬಿಡಿಸಿ ಹೇಳಿಲ್ಲ. "ಲ್ಯಾಬಲ್ಲಿದ್ದಾನೆ" ಅನ್ನುತ್ತಾಳೆ. ಕೇಳಿದವರು ಅಲ್ಲಿಗೇ ಬಿಟ್ಟರೆ ಎಲ್ಲರಿಗೂ ಕ್ಷೇಮ. ಪಕ್ಕದ ಮನೆಯವರಂಥವರು "ಲ್ಯಾಬಲ್ಲಿ ಏನು?" ಎಂದು ಬೆನ್ನು ಹತ್ತಿದರೆ, "ರಕ್ತ ಗಿಕ್ತ ಎಲ್ಲಾ ನೋಡ್ತಾನೆ" ಎಂದು ಹೇಳಿ, ಒಲೆಯ ಮೇಲೆ ಏನೋ ಇಟ್ಟು ಬಂದ ನೆಪದಲ್ಲಿ ಒಳಗೆ ಹೋಗುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಆ ಎರಡರಲ್ಲಿ ನಾನು ನೋಡುವುದು ಗಿಕ್ತವನ್ನು.

ಮಕ್ಕಳಾಗಲೆಂದು ಚಿಕಿತ್ಸೆಗೆ ಬರುವವರ ಆಸ್ಪತ್ರೆಯೊಂದರ ಎರಡನೆಯ ಮಹಡಿಯಲ್ಲಿ, ಗಂಡಂದಿರು ಕೊಟ್ಟುಹೋದ ಪುಟ್ಟ ಡಬ್ಬಿಗಳಿಂದ ಗಟ್ಟಿಮುಟ್ಟಾದ ವೀರ್ಯಾಣುಗಳನ್ನು ಆರಿಸಿ ತೆಗೆಯುವ ಕೋಣೆ ನಮ್ಮದು. ನಮ್ಮದು ಅಂದರೆ ಜರಡಿ ಅಕ್ಕನದು. ನಾನು ಅಲ್ಲಿ ಕೊಳವೆ ಹಿಡಿದುಕೊಂಡು ನಿಂತಿರುತ್ತೇನೆ. ಪದವಿಪತ್ರ ನನ್ನ ಹತ್ತಿರ ಎರಡಿವೆ, ಅಕ್ಕನ ಹತ್ತಿರ ಒಂದೂ ಮುಕ್ಕಾಲು. ಆ ಕಾಲು ಭಾಗ ಯಾಕೆ ಉಳಿಯಿತೆಂದು ಕೇಳಿದರೆ "ಅವತ್ತು ಪರೀಕ್ಷೆ ದಿನ ದೊಡ್ಡ ಮಗಳು ಹುಟ್ಟಿದಳು. ಅವಳಿಗೆ ಹೊತ್ತುಗೊತ್ತು ಇವತ್ತಿಗೂ ಗೊತ್ತಾಗಲ್ಲ" ಅನ್ನುತ್ತಾರೆ.

ಆ ಹೆಸರು ಅವರಿಗೆ ಬಂದದ್ದು ಕೆಳಗಿನ ಮಹಡಿಯ ನರ್ಸ್‌ಗಳಿಂದ. ಜಾಲಿಸಿ, ಸೋಸಿ, ಆರಿಸುವುದೇ ಅವರ ಕೆಲಸವಾದ್ದರಿಂದ ಹೆಸರು ಅಂಟಿಕೊಂಡಿತು. ಅಕ್ಕನಿಗೂ ಬೇಸರವಿಲ್ಲ. ಮನೆಯಲ್ಲಿ ಮೂರು ಮಕ್ಕಳು, ಮೂವರೂ ದೊಡ್ಡವರು, ಮೂವರೂ ಮಾತು ಕೇಳುವುದಿಲ್ಲ. "ಜರಡಿ ಹಿಡಿಯೋದು ಕಲಿಯೋ ಮೊದಲು ಹುಟ್ಟಿದವು ಕಣಪ್ಪ" ಎಂಬುದು ಅವರ ಸಮಾಧಾನ.

ಆರಿಸುವ ದಾರಿ ನಮ್ಮಲ್ಲಿ ಮೂರು. ಒಂದು ಈಜಿಸುವುದು. ಕೊಳವೆಯ ತಳದಲ್ಲಿ ಮಾದರಿ, ಅದರ ಮೇಲೆ ಪೋಷಕ ದ್ರವ. ಸ್ವಲ್ಪ ಓರೆಯಾಗಿ ನಿಲ್ಲಿಸಿ ಮುಕ್ಕಾಲು ಗಂಟೆ ಬೆಚ್ಚಗಿಟ್ಟರೆ ಕಸುವಿದ್ದವು ತಾವಾಗಿ ಮೇಲಕ್ಕೆ ಈಜಿ ಬರುತ್ತವೆ. ಇನ್ನೊಂದು ಪದರ ಕಟ್ಟುವುದು. ಕೆಳಗೆ ಮಂದ ದ್ರವ, ಅದರ ಮೇಲೆ ತೆಳು ದ್ರವ, ಎಲ್ಲಕ್ಕೂ ಮೇಲೆ ಮಾದರಿ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ತಲೆ ಗಟ್ಟಿಯಿರುವವು ತಳ ಸೇರುತ್ತವೆ, ಟೊಳ್ಳು ತಲೆಗಳು ನಡುವೆಯೇ ಸಿಕ್ಕಿಕೊಳ್ಳುತ್ತವೆ. ಮನುಷ್ಯರನ್ನು ಹೀಗೆ ತಿರುಗಿಸಿದರೆ ನಾನು ಯಾವ ಪದರದಲ್ಲಿ ಇರುತ್ತೇನೆ ಎಂದು ಒಮ್ಮೆ ಕೇಳಿದ್ದೆ. "ನೀನು ಮುಚ್ಚಳಕ್ಕೆ ಅಂಟಿಕೊಂಡಿರ್ತೀಯ" ಅಂದರು. ಮೂರನೆಯದು ಹೊಸದು. ಅಂಗೈಯಗಲದ ಪಾರದರ್ಶಕ ಬಿಲ್ಲೆ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಓಣಿಗಳು. ಒಂದು ತುದಿಯಲ್ಲಿ ಬಿಟ್ಟರೆ ಚುರುಕಾದವು ದಾರಿ ಹುಡುಕಿಕೊಂಡು ಇನ್ನೊಂದು ತುದಿ ಮುಟ್ಟುತ್ತವೆ. ಇದು ಬಂದ ದಿನ ಅಕ್ಕ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ಪರವಾಗಿಲ್ಲ, ನಮ್ಮ ಬೀದಿಗಿಂತ ಅಚ್ಚುಕಟ್ಟಾಗಿದೆ" ಎಂದು ಒಪ್ಪಿಗೆ ಕೊಟ್ಟರು.

ಯಾವ ದಾರಿ ಹಿಡಿದರೂ ಕೊನೆಗೆ ಬೇಕಾದದ್ದು ಒಂದೇ. ಆಸಾಮಿ ಓಡಾಡುತ್ತಿರಬೇಕು. ಓಡಾಡಬೇಕಾದರೆ ಮೈ ಬೆಚ್ಚಗಿರಬೇಕು. ಮನುಷ್ಯನ ಮೈಯ ಬಿಸಿಗಿಂತ ಒಂದಿಷ್ಟೂ ಕೆಳಗೆ ಇಳಿಯಬಾರದೆಂಬುದು ಅಕ್ಕನ ಹಟ. ಕೊಳವೆ ಮುಟ್ಟುವ ಮೊದಲು ಅವರು ಅಂಗೈಗಳನ್ನು ಉಜ್ಜಿಕೊಂಡು ಬಿಸಿ ಮಾಡಿಕೊಳ್ಳುತ್ತಾರೆ. ನಾನು ಸೇರಿದ ಮೊದಲ ದಿನ ನನ್ನ ಕೈ ಮುಟ್ಟಿ ನೋಡಿ, "ಇದೇನಯ್ಯ, ಗೋಡೆ ಮುಟ್ಟಿದ ಹಾಗಿದೆ" ಎಂದು ಖಾಲಿ ಕೊಳವೆಯೊಂದನ್ನು ಕೊಟ್ಟು ಸಂಜೆಯವರೆಗೆ ಮುಷ್ಟಿಯಲ್ಲಿ ಹಿಡಿದುಕೊಂಡಿರಲು ಹೇಳಿದರು. ಎರಡು ಪದವಿ ಪಡೆದವನು ಹಾಗೆ ಕೂತಿದ್ದೆ. ಊಟವನ್ನೂ ಎಡಗೈಯಲ್ಲಿ ಮಾಡಿದೆ.

ಒಮ್ಮೆ ಕರೆಂಟ್ ಹೋಗಿ, ಜನರೇಟರೂ ಕೈಕೊಟ್ಟು, ಶಾಖದ ಪೆಟ್ಟಿಗೆ ತಣ್ಣಗಾಗತೊಡಗಿತ್ತಂತೆ. ಒಳಗೆ ಒಂಬತ್ತು ಜನರ ಒಂಬತ್ತು ಕೊಳವೆಗಳು. ಅಕ್ಕ ನಾಲ್ಕನ್ನು ಎಡ ಕಂಕುಳಿಗೂ ಐದನ್ನು ಬಲ ಕಂಕುಳಿಗೂ ಸೇರಿಸಿಕೊಂಡು, ಎರಡೂ ತೋಳನ್ನು ಮೈಗೆ ಬಿಗಿದು, ಕುರ್ಚಿಯಲ್ಲಿ ಒಂದು ಗಂಟೆ ಕಂಬದ ಹಾಗೆ ಕೂತಿದ್ದರಂತೆ. "ಯಾರೂ ನನ್ನ ನಗಿಸಬೇಡಿ" ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದರಂತೆ. ಆ ಹೊತ್ತಿಗೆ ಸರಿಯಾಗಿ ದೊಡ್ಡ ಡಾಕ್ಟರಮ್ಮ ಏನೋ ಸಹಿ ಬೇಕೆಂದು ಬಂದರೆ, "ಕೈ ಎತ್ತೋ ಹಾಗಿಲ್ಲ ಮೇಡಂ, ಒಂಬತ್ತು ಸಂಸಾರ ಕೆಳಗೆ ಬೀಳುತ್ತೆ" ಅಂದಿದ್ದರಂತೆ.

ಇಲ್ಲಿಗೆ ಬರುವ ಮೊದಲು ಅಕ್ಕ ಬೀಜ ಪರೀಕ್ಷೆ ಮಾಡುವ ಕಚೇರಿಯೊಂದರಲ್ಲಿ ಹದಿನಾರು ವರ್ಷ ಇದ್ದರು. ಒದ್ದೆ ಕಾಗದದಲ್ಲಿ ನೂರು ಬೀಜ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಎಂಟು ದಿನ ಬಿಟ್ಟು ಬಿಚ್ಚಿ, ಮೊಳೆತದ್ದೆಷ್ಟು ಕೊಳೆತದ್ದೆಷ್ಟು ಎಂದು ಬರೆಯುವ ಕೆಲಸ. ಮೊಳೆಯದೆ ಕೊಳೆಯದೆ ಸುಮ್ಮನೆ ಕೂತಿರುವ ಬೀಜವೂ ಇರುತ್ತದಂತೆ. ಅದನ್ನು ಸತ್ತ ಲೆಕ್ಕಕ್ಕೆ ಹಾಕಿದ್ದಕ್ಕೆ ಮೊದಲ ವರ್ಷ ಅಲ್ಲಿನ ಹಿರಿಯ ಗುಮಾಸ್ತರು ಇವರ ಎದುರೇ ಆ ಬೀಜವನ್ನು ಕುಂಡದಲ್ಲಿ ಹಾಕಿ, ತಿಂಗಳ ನಂತರ ಗಿಡವನ್ನು ಇವರ ಮೇಜಿನ ಮೇಲೆ ತಂದಿಟ್ಟರಂತೆ. "ಒಂದು ಮಾತು ಬೈಯಲಿಲ್ಲ. ಗಿಡ ಇಟ್ಟು ಹೋದರು, ಅಷ್ಟೆ. ಅದು ಹೂ ಬಿಡೋವರೆಗೂ ನನಗೆ ತಲೆ ಎತ್ತೋಕಾಗಲಿಲ್ಲ" ಎಂದು ಅಕ್ಕ ಈ ಕಥೆಯನ್ನು ನನಗೆ ಹನ್ನೊಂದು ಸಲ ಹೇಳಿದ್ದರು. ಹನ್ನೆರಡನೆಯ ಸಲ ಹೇಳಿದ ದಿನದ ಕಥೆಯೇ ನಾನೀಗ ಹೇಳಹೊರಟಿರುವುದು.

ಆ ದಿನದ ಹಿಂದಿನ ಸಂಜೆ ನಾಲ್ಕು ಗಂಟೆಗೆ ನಮ್ಮ ಕೋಣೆಯ ಫೋನು ಹೊಡೆದುಕೊಂಡಿತು. ನಮ್ಮಲ್ಲಿ ಯಾರಿಗೂ ಹೆಸರಿಲ್ಲ, ನಂಬರ್ ಮಾತ್ರ. ಇವರು ನಾನೂರ ಹನ್ನೆರಡು. ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಐಸಣ್ಣ, ಯಾಕೆಂದರೆ ಅವರು ದೊಡ್ಡ ಶೈತ್ಯಾಗಾರವೊಂದರ ಮೇಲ್ವಿಚಾರಕರು. ಹಣ್ಣು, ಔಷಧಿ, ಮೀನು ಎಲ್ಲವೂ ಕೆಡದಂತೆ ಕಾಯುವುದು ಅವರ ಕಸುಬು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಅಳೆಯುವವರು. ಇದು ಅವರಿಗೆ ಮೂರನೆಯ ಚಿಕಿತ್ಸೆ, ನಮ್ಮಲ್ಲಿ ಮೊದಲನೆಯದು. ಹೆಂಡತಿಗೆ ಮೂವತ್ತೊಂಬತ್ತು ದಾಟಿತ್ತು, ನಾಲ್ಕನೆಯ ಸಲ ಈ ಸೂಜಿ ಮದ್ದು ತನಗೆ ಆಗದೆಂದು ಅವರು ಖಡಾಖಂಡಿತ ಹೇಳಿಬಿಟ್ಟಿದ್ದರು. ಮಾರನೆಯ ಬೆಳಿಗ್ಗೆ ಅವರ ಅಂಡಾಣುಗಳನ್ನು ಹೊರಗೆ ತೆಗೆಯುವುದಿತ್ತು. ಮಧ್ಯಾಹ್ನ ಮೂರರೊಳಗೆ ಒಂದೊಂದು ಅಂಡಾಣುವಿಗೂ ಗಂಡನ ಒಂದೊಂದು ಜೀವಂತ ವೀರ್ಯಾಣು ಸಿಗಬೇಕು. ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ತೊಡಕೆಂದರೆ, ಐಸಣ್ಣನಿಗೆ ನಮ್ಮ ಆಸ್ಪತ್ರೆಯಲ್ಲಿ ಮಾದರಿ ಕೊಡಲೆಂದಿರುವ 'ಆ ಕೋಣೆ'ಯಲ್ಲಿ ಏನೂ ಆಗುತ್ತಿರಲಿಲ್ಲ. ಮೊದಲೇ ಕೊಟ್ಟು ಶೇಖರಿಸಿಡಲೆಂದು ಎರಡು ಸಲ ಬಂದು ಖಾಲಿ ಡಬ್ಬಿ ವಾಪಸ್ ಕೊಟ್ಟು ಹೋಗಿದ್ದರು. ಆದ್ದರಿಂದ ಮನೆಯಿಂದಲೇ ತರಲು ಡಾಕ್ಟರಮ್ಮ ಒಪ್ಪಿದ್ದರು. ಮನೆ ಮುಕ್ಕಾಲು ಗಂಟೆ ದೂರ. ಹೇಗೆ ತರಬೇಕೆಂದು ಕೇಳಲು ಅವರು ಫೋನ್ ಮಾಡಿದ್ದು.

ಹೀಗೆ ಕೇಳುವವರಿಗೆಂದೇ ಅಕ್ಕ ಬರೆದಿಟ್ಟ ಒಂದು ಹಾಳೆ ಇದೆ. ಅದನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಬೇಕೆಂಬುದು ನಿಯಮ. ಹಾಳೆ ನನ್ನ ಮುಂದೆಯೇ ಇತ್ತು, ಅದರ ಮೇಲೆ ನನ್ನ ಟೀ ಲೋಟ ಇತ್ತು. ಆದರೆ ನನಗೆ ಒಂದು ರೋಗವಿದೆ. ಯಾರಿಗಾದರೂ ಏನಾದರೂ ತಿಳಿಸುವಾಗ ಅವರವರ ಕಸುಬಿನ ಹೋಲಿಕೆ ಕೊಟ್ಟು ಹೇಳಿದರೆ ನಾನು ಬಹಳ ಜಾಣನಂತೆ ಕಾಣುತ್ತೇನೆಂಬ ನಂಬಿಕೆ.

"ನೋಡಿ ಸಾರ್, ನಿಮ್ಮ ಗೋದಾಮಿಗೆ ಬಹಳ ನಾಜೂಕಾದ ಮಾಲು ಬಂದ್ರೆ ಹೇಗೆ ನೋಡ್ಕೋತೀರಿ?" ಅಂದೆ.

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀವಿ ಸಾರ್."

"ಹಾಂ. ಹಾಗೇ ತನ್ನಿ. ಅಷ್ಟೇ ಜೋಪಾನ. ಒಂದು ಗಂಟೆ ಒಳಗೆ."

"ಅದನ್ನ ನನಗೆ ಬಿಡಿ ಸಾರ್. ಇಪ್ಪತ್ತು ವರ್ಷದ ಅನುಭವ" ಎಂದರು ಐಸಣ್ಣ. ನಾನು ಫೋನ್ ಇಟ್ಟು, ಎಷ್ಟು ಚುಟುಕಾಗಿ ಮುಗಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಟೀ ಕುಡಿದೆ.

ಬೆಳಿಗ್ಗೆ ಒಂಬತ್ತೂವರೆಗೆ ಹೆಂಡತಿಯ ಏಳು ಅಂಡಾಣುಗಳು ಬಂದವು. ಏಳೂ ಚೆನ್ನಾಗಿವೆ ಎಂದು ಒಳಗಿನಿಂದ ಹೇಳಿ ಕಳಿಸಿದರು. ಹತ್ತಕ್ಕೆ ಐದು ನಿಮಿಷವಿರುವಾಗ ಐಸಣ್ಣ ನಮ್ಮ ಕಿಟಕಿಗೆ ಬಂದರು. ಕೈಯಲ್ಲಿ ಒಂದು ಬಿಳಿ ಥರ್ಮೋಕೋಲ್ ಪೆಟ್ಟಿಗೆ. ನಾಲ್ಕೂ ಕಡೆ ಟೇಪು. ಮುಚ್ಚಳದಲ್ಲಿ ತೂತು, ತೂತಿನಲ್ಲಿ ಸಿಕ್ಕಿಸಿದ ಥರ್ಮಾಮೀಟರ್. ಪಕ್ಕದಲ್ಲಿ ಅಂಟಿಸಿದ ಚೀಟಿಯ ಮೇಲೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಬರೆದ ಉಷ್ಣತೆ.

"ದಾರಿಯುದ್ದಕ್ಕೂ ನಾಲ್ಕು ಡಿಗ್ರಿ ದಾಟಿಲ್ಲ ಸಾರ್" ಅಂದರು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನಾನು ಪೆಟ್ಟಿಗೆ ಬಿಚ್ಚಿದೆ. ಮೇಲೆ ಐಸು, ಕೆಳಗೆ ಐಸು, ನಡುವೆ ಹತ್ತಿಯ ಹಾಸಿಗೆಯಲ್ಲಿ ನಮ್ಮ ಡಬ್ಬಿ ಮಗುವಿನಂತೆ ಮಲಗಿತ್ತು. ಮುಟ್ಟಿದೆ. ಐಸಿನಷ್ಟೇ ತಣ್ಣಗಿತ್ತು.

"ಏನಾದ್ರೂ ತಪ್ಪಾಯ್ತಾ ಸಾರ್?"

"ಇಲ್ಲಿ ಕೂತಿರಿ, ಬಂದೆ" ಅಂದೆ.

ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮೊದಲೇ ಎಣಿಕೆಯಲ್ಲಿ ಕಡಿಮೆ, ಇದ್ದವೂ ಎಲ್ಲ ಕಡ್ಡಿಯಂತೆ ಬಿದ್ದಿದ್ದವು. ಒಂದರ ಬಾಲವೂ ಅಲುಗುತ್ತಿರಲಿಲ್ಲ. ನಾನು ವರದಿಯ ಹಾಳೆ ಎಳೆದುಕೊಂಡು, "ಚಲನೆ: ಸೊನ್ನೆ. ಎಲ್ಲವೂ ಸತ್ತಿವೆ" ಎಂದು ಬರೆದೆ. ಬೆನ್ನ ಹಿಂದೆ ಅಂಗೈ ಉಜ್ಜುವ ಸದ್ದು ಕೇಳಿಸಿತು. ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದರು.

"ಚಲನೆ ಸೊನ್ನೆ ಅಂತ ಬರಿ. ಅದು ನಿನಗೆ ಕಂಡಿದ್ದು. ಸತ್ತಿವೆ ಅಂತ ಬರೆಯೋಕೆ ನೀನೇನು ಯಮನ ಆಫೀಸಿನ ಗುಮಾಸ್ತನಾ?" ಎಂದು ಎರಡನೆಯ ಸಾಲನ್ನು ಹೊಡೆದು ಹಾಕಿದರು. ಆಮೇಲೆ ಪೆಟ್ಟಿಗೆ ನೋಡಿದರು. ಹತ್ತಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಚೀಟಿಯನ್ನು ಪೂರ್ತಿ ಓದಿದರು. "ಕೆಲಸ ಬಲ್ಲ ಮನುಷ್ಯ. ಐಸು ನೇರ ತಾಗಿಲ್ಲ, ನಿಧಾನವಾಗಿ ತಣ್ಣಗೆ ಮಾಡಿದ್ದಾನೆ, ಗಡ್ಡೆ ಕಟ್ಟಿಲ್ಲ. ಬೇರೆ ಯಾರೇ ಆಗಿದ್ರೂ ಫ್ರೀಜರಿಗೆ ತುರುಕಿ ತರ್ತಿದ್ರು" ಅಂದರು.

ಅಷ್ಟು ಹೇಳಿ ಆ ಡಬ್ಬಿಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು. ಶಾಖದ ಪೆಟ್ಟಿಗೆಯಲ್ಲೇ ಯಾಕೆ ಇಡಬಾರದೆಂದು ಕೇಳಿದೆ. "ಚಳಿಯಲ್ಲಿ ನಡುಗಿ ಬಂದವರನ್ನ ಒಲೆಗೆ ತಳ್ತಾರಾ? ಮೊದಲು ಕೈ, ಆಮೇಲೆ ಪೆಟ್ಟಿಗೆ" ಅಂದರು. ಹೀಗೆ ಅರ್ಧ ಗಂಟೆ. ನಡುವೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು, ನಾನು ಮೇಲೆ ತಳ್ಳಿದೆ. ಕಿವಿ ತುರಿಸಿತು, ತುರಿಸಿಕೊಟ್ಟೆ. ಅವರ ಫೋನು ಹೊಡೆದುಕೊಂಡಿತು. ಕಿವಿಗೆ ಹಿಡಿದರೆ ಆ ಕಡೆಯಿಂದ ದೊಡ್ಡ ಮಗಳು, ಬೀಗದ ಕೈ ಎಲ್ಲಿ ಎಂದು. "ಇಟ್ಟಲ್ಲೇ ಇದೆ. ಇಟ್ಟಿದ್ದು ನೀನು" ಎಂದು ಹೇಳಿ, ಗಲ್ಲದಿಂದ ಸನ್ನೆ ಮಾಡಿ ಫೋನ್ ತೆಗೆಸಿದರು. ಬೀಜದ ಕಚೇರಿಯ ಕಥೆ ಹನ್ನೆರಡನೆಯ ಸಲ ಶುರುವಾದದ್ದು ಆಗ. ಮೊದಲ ಸಲ ನಾನು ಅದನ್ನು ಗಮನವಿಟ್ಟು ಕೇಳಿದೆ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಇನ್ನೊಮ್ಮೆ ಪ್ರಯತ್ನಿಸಲಿ ಎಂದು ಐಸಣ್ಣನನ್ನು 'ಆ ಕೋಣೆ'ಗೆ ಕಳಿಸಿದರು. ಅಲ್ಲಿ ಒಂದು ಸೋಫಾ, ಜಲಪಾತದ ಚಿತ್ರವಿರುವ ಹಳೆಯ ಕ್ಯಾಲೆಂಡರ್, ನಾಲ್ಕು ವರ್ಷದಿಂದ ಗರಗರ ಅನ್ನುವ ಒಂದು ಏಸಿ. ನಲವತ್ತು ನಿಮಿಷ ಬಾಗಿಲು ಮುಚ್ಚಿತ್ತು. ತೆರೆದಾಗ ಐಸಣ್ಣನ ತೋಳು ಮೊಣಕೈವರೆಗೂ ಮಸಿಯಾಗಿತ್ತು. ಡಬ್ಬಿ ಖಾಲಿ.

"ಆ ಶಬ್ದದಲ್ಲಿ ಮನಸ್ಸು ನಿಲ್ಲಲಿಲ್ಲ ಸಾರ್" ಎಂದರು ತಲೆ ತಗ್ಗಿಸಿ. "ಫ್ಯಾನಿನ ಒಂದು ಸ್ಕ್ರೂ ಸಡಿಲ ಇತ್ತು, ಬಿಗಿ ಮಾಡಿದೆ. ಜಾಲರಿ ಕೂಡ ತೊಳೆದೆ. ಈಗ ಚೆನ್ನಾಗಿ ತಂಪು ಬರ್ತಿದೆ."

ನಿಜಕ್ಕೂ ಚೆನ್ನಾಗಿ ಬರುತ್ತಿತ್ತು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಇವರಿಗೆ ಏನಂತ ಹೇಳಿದ್ರಿ?" ನಾನು ಬಾಯಿ ತೆರೆಯುವ ಮೊದಲೇ ಐಸಣ್ಣ, "ಸಾರ್ ಸರಿಯಾಗೇ ಹೇಳಿದ್ರು ಮೇಡಂ. ನನಗೇ ಅರ್ಥ ಆಗಲಿಲ್ಲ" ಅಂದರು. ನಾನು ತಲೆ ಅಲ್ಲಾಡಿಸಿದೆ. ಹೌದು ಎಂಬಂತೆಯೋ ಅಲ್ಲ ಎಂಬಂತೆಯೋ ಗೊತ್ತಾಗದ ಹಾಗೆ ಅಲ್ಲಾಡಿಸುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಡಾಕ್ಟರಮ್ಮ ಅಂಡಾಣುಗಳನ್ನು ಹೆಪ್ಪುಗಟ್ಟಿಸಿ ಇಡುವ ಮಾತು ಎತ್ತಿದರು. ಈ ವಯಸ್ಸಿನಲ್ಲಿ ಏಳನ್ನು ಇಟ್ಟು ಮತ್ತೆ ಕರಗಿಸಿದರೆ ಎಷ್ಟು ಉಳಿದಾವೋ ಎಂದು ಅವರೇ ಅನುಮಾನವನ್ನೂ ಹೇಳಿದರು. "ಮೂರು ಗಂಟೆ ತನಕ ನನಗೆ ಬಿಡಿ ಮೇಡಂ" ಎಂದರು ಅಕ್ಕ ಒಳಗಿನಿಂದ.

ಎಚ್ಚರಾದ ಹೆಂಡತಿ ಹೊದಿಕೆ ಹೊದ್ದು ಕಾರಿಡಾರಿನ ಬೆಂಚಿಗೆ ಬಂದು ಕೂತಿದ್ದರು. ವಿಷಯ ತಿಳಿದಿತ್ತು.

"ಮನೇಲಿ ಸೊಪ್ಪು ಬಾಡಿದ್ರೂ ಐಸು, ಜ್ವರ ಬಂದ್ರೂ ಐಸು" ಎನ್ನುತ್ತಿದ್ದರು. "ಮದುವೆ ಫೋಟೋ ಕೂಡ ಹಾಳಾಗುತ್ತೆ ಅಂತ ತಣ್ಣಗಿನ ಕೋಣೇಲಿ ಇಟ್ಟವರು ನೀವು. ಇದನ್ನ ಬಿಡ್ತೀರಾ?"

"ತಪ್ಪು ನಂದೇ ಕಣೇ" ಎಂದು ಐಸಣ್ಣ ಮಸಿಗೈಗಳನ್ನು ನೋಡಿಕೊಂಡರು.

ನಾನು ಕೇಳದವನಂತೆ ಒಳಗೆ ಬಂದೆ. ನನ್ನ ಮೇಜಿನ ನಟ್ಟನಡುವೆ ಒಂದು ಹಾಳೆ ಬಿಡಿಸಿಟ್ಟಿತ್ತು. ಅಕ್ಕನ ಗುಂಡು ಅಕ್ಷರ: 'ಮುಚ್ಚಳ ಬಿಗಿಮಾಡಿ, ಅಂಗಿಯ ಒಳಗೆ, ಹೊಟ್ಟೆಗೆ ತಾಗಿಸಿಕೊಂಡು ತರುವುದು.' ಅದರ ಮೇಲೆ ನನ್ನ ಟೀ ಲೋಟದ ದುಂಡನೆಯ ಕಲೆ. ಅಕ್ಕ ಆ ಕಡೆ ಬೆನ್ನು ಹಾಕಿ ಏನೋ ತೊಳೆಯುತ್ತಿದ್ದರು. ಒಂದು ಮಾತಿಲ್ಲ. ಕುಂಡದ ಗಿಡ ಎದುರಿಗಿಟ್ಟಂತೆ ಆಯಿತು.

ಹಾಳೆ ಎತ್ತಿಕೊಂಡು ಬೆಂಚಿನ ಹತ್ತಿರ ಹೋದೆ. "ಇದನ್ನ ನಿಮಗೆ ಓದಿ ಹೇಳ್ಬೇಕಿತ್ತು. ನಾನು ಓದಲಿಲ್ಲ. ಗೋದಾಮಿನ ಮಾಲಿನ ಥರ ತನ್ನಿ ಅಂದಿದ್ದು ನಾನು. ತಪ್ಪು ಇವರದಲ್ಲ, ನಂದು. ಡಾಕ್ಟರಮ್ಮಂಗೂ ಈಗಲೇ ಹೇಳ್ತೀನಿ."

ಹೆಂಡತಿ ಹಾಳೆ ಓದಿದರು. ಕಣ್ಣು ಅಳೆಯುವವರ ನೋಟ, ನನ್ನ ತಲೆಯ ಹಿಂಭಾಗದವರೆಗೂ ಹೋಯಿತು. "ಬೆಳಗ್ಗಿಂದ ಇವರಿಗೆ ಬೈದಿದ್ದೀನಲ್ಲ, ಅದನ್ನೆಲ್ಲ ಈಗ ವಾಪಸ್ ತಗೊಳ್ಳೋದು ಹೇಗೆ?" ಅಂದರು. ನಾನು ಹೊರಡಲು ತಿರುಗಿದೆ. "ಅಲ್ಲೇ ನಿಲ್ಲಿ. ಮೊದಲಿಂದ ಶುರು ಮಾಡ್ತೀನಿ."

ಮೊದಲಿನಿಂದ ಶುರು ಮಾಡಿದರು. ಸೊಪ್ಪಿನ ಜಾಗದಲ್ಲಿ ನನ್ನ ಓದು ಬಂತು, ಫೋಟೋದ ಜಾಗದಲ್ಲಿ ನನ್ನ ಟೀ ಲೋಟ ಬಂತು. ಕೊನೆಗೆ ದನಿ ಒಡೆಯಿತು. "ಏಳು ಇತ್ತು ಕಣಪ್ಪ" ಅಂದರು. "ಹೋದ ಸಲ ಮೂರೇ ಇದ್ದಿದ್ದು. ಈ ಸಲ ಏಳು." ಐಸಣ್ಣ ಅವರ ಹೊದಿಕೆಯನ್ನು ಭುಜಕ್ಕೆ ಸರಿಮಾಡಿದರು, ಹೊದಿಕೆಗೂ ಮಸಿಯಾಯಿತು. ಆ ಏಳರ ಮುಂದೆ ನನ್ನ ಹೋಲಿಕೆಗಳೆಲ್ಲ ಎಷ್ಟು ಅಗ್ಗ ಎಂದು ಹೊಳೆಯಲು ನನಗೆ ಯಾವ ಪದವಿಯೂ ಬೇಕಾಗಲಿಲ್ಲ. ಡಾಕ್ಟರಮ್ಮನ ಕೋಣೆಗೂ ಹೋಗಿ ಬಂದೆ. ಅಲ್ಲಿ ಐದೇ ನಿಮಿಷ, ಆದರೆ ಅವು ಅವರ ನಿಮಿಷಗಳು.

ಒಂದೂವರೆಗೆ ಡಬ್ಬಿ ಮೈಬಿಸಿಗೆ ಬಂದಿತ್ತು. ಅಕ್ಕ ಕಣ್ಣಿಟ್ಟು, "ಏಳ್ರಪ್ಪ, ಬೆಳಗಾಯ್ತು" ಎಂದು ಮೆಲ್ಲಗೆ ಹೇಳಿದರು. ಬಹಳ ಹೊತ್ತು ನೋಡಿದರು. "ಬಾ ಇಲ್ಲಿ." ನೋಡಿದೆ. ಮೂಲೆಯಲ್ಲೊಂದು ಬಾಲ, ನಿದ್ದೆಯಲ್ಲಿ ಕಾಲು ಝಾಡಿಸುವವರಂತೆ, ಒಮ್ಮೆ ಅಲುಗಿತು. ಸ್ವಲ್ಪ ಆಚೆ ಇನ್ನೆರಡು. ಒಟ್ಟು ಮೂರು. ಈಜಿಸುವಷ್ಟು ಕಸುವಿಲ್ಲ, ಪದರ ಕಟ್ಟಿ ತಿರುಗಿಸುವಷ್ಟು ಎಣಿಕೆಯಿಲ್ಲ, ಓಣಿಯಲ್ಲಿ ಓಡುವುದಂತೂ ದೂರ. ಇನ್ನೂ ನಾಲ್ಕು ಬೇಕು. ಉಳಿದವುಗಳಲ್ಲಿ ಯಾವುದು ಮಲಗಿದೆ, ಯಾವುದು ಹೋಗಿದೆ, ಯಾರು ಹೇಳಬೇಕು?

"ಸಪ್ಪೆ ನೀರು ತಾ" ಎಂದರು ಅಕ್ಕ.

ಇದು ನಮ್ಮಲ್ಲಿ ಅಪರೂಪಕ್ಕೆ ಬಳಸುವ ನಾಲ್ಕನೆಯ ದಾರಿ. ವೀರ್ಯಾಣುವಿನ ಒಳಗಿನದಕ್ಕಿಂತ ತೆಳುವಾದ ದ್ರವದ ಹನಿಗೆ ಬಿಟ್ಟರೆ, ಜೀವವಿರುವುದು ನೀರು ಹೀರಿ ಉಬ್ಬುತ್ತದೆ, ಅದರ ಬಾಲ ಸುರುಳಿ ಸುತ್ತುತ್ತದೆ. ಸತ್ತದ್ದು ಕಡ್ಡಿಯಾಗಿಯೇ ಇರುತ್ತದೆ. "ಬೀಜ ನೀರು ಕುಡಿದ ಹಾಗೆ" ಎಂದರು ಅಕ್ಕ. ಸುರುಳಿ ಸುತ್ತಿದ್ದನ್ನು ಕೂದಲಿಗಿಂತ ಸಣ್ಣ ಸೂಜಿಯಲ್ಲಿ ಹೀರಿ, ಸಪ್ಪೆ ನೀರನ್ನು ತೊಳೆದು ತೆಗೆದು, ಒಳ್ಳೆಯ ದ್ರವದ ಹನಿಗೆ ಸಾಗಿಸಬೇಕು. ಪ್ರತಿ ಸಾಗಣೆಗೂ ಅಕ್ಕನ ನಿಯಮ: ಇಬ್ಬರೂ ನಂಬರನ್ನು ಬಾಯಿಬಿಟ್ಟು ಹೇಳಬೇಕು.

"ನಾನೂರ ಹನ್ನೆರಡು" ಅನ್ನುತ್ತಿದ್ದರು ಅಕ್ಕ.

"ನಾನೂರ ಹನ್ನೆರಡು" ಅನ್ನುತ್ತಿದ್ದೆ ನಾನು. ಉಳಿದ ದಿನ ಈ ಶಾಸ್ತ್ರಕ್ಕೆ ಆಕಳಿಸುತ್ತಿದ್ದವನು ಅಂದು ಮಗ್ಗಿ ಒಪ್ಪಿಸುವವನಂತೆ ನೆಟ್ಟಗೆ ನಿಂತು ಹೇಳಿದೆ.

ಎರಡು ಗಂಟೆಗೆ ಮೊದಲಿನ ಮೂರೂ ಸೇರಿ ನಾಲ್ಕಾದವು. ಎರಡು ಇಪ್ಪತ್ತಕ್ಕೆ ಆರು. ಆಮೇಲೆ ಹನಿಯಿಂದ ಹನಿಗೆ ಕಡ್ಡಿ, ಕಡ್ಡಿ, ಬರೀ ಕಡ್ಡಿ. ಅಕ್ಕನ ಕಣ್ಣಿನಲ್ಲಿ ನೀರು ಬರತೊಡಗಿತು, ದಣಿವಿನದು. "ನೀನು ಸ್ವಲ್ಪ ನೋಡು" ಎಂದು ಎದ್ದರು. ಏಳನೆಯದನ್ನು ನಾನೇ ಹುಡುಕಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ನಡೆದದ್ದೇನೆಂದರೆ, ಹನಿಯ ಅಂಚಿನಲ್ಲಿ ಏನೋ ಕಂಡು, "ಒಂದು ಧೂಳು ಇದೆ ಅಕ್ಕ, ಹನಿ ಬದಲಾಯಿಸ್ತೀನಿ" ಅಂದೆ.

"ಎಂಥಾ ಧೂಳು?"

"ದುಂಡಗಿದೆ. ಪಕ್ಕದಲ್ಲಿ ಏನೋ ಸುತ್ತಿಕೊಂಡಿದೆ."

ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಹತ್ತಿರ ಬಂದರು. "ತಮ್ಮಾ, ಧೂಳಿಗೆ ಬಾಲ ಇರುತ್ತಾ?"

ನಾನು ಸ್ಟೂಲಿನಿಂದ ಇಳಿದೆ. ಅಕ್ಕ ಕೂತರು. ಕನ್ನಡಕ ಜಾರಿತು, ತಳ್ಳಿದೆ.

"ನಾನೂರ ಹನ್ನೆರಡು."

"ನಾನೂರ ಹನ್ನೆರಡು" ಅಂದೆ. ಗಡಿಯಾರದಲ್ಲಿ ಎರಡು ಗಂಟೆ ನಲವತ್ತಾರು ನಿಮಿಷ. ಏಳು ಅಂಡಾಣುಗಳಿಗೆ ಏಳು ಜನ ಸೂಜಿಯ ತುದಿಯಲ್ಲಿ ಕೂತು ಒಳಗೆ ಹೋದರು.

ಹೊರಗೆ ಹೋಗಿ ಹೇಳಿದಾಗ ಐಸಣ್ಣ ಎದ್ದು ನಿಂತು ಕೈ ಮುಗಿದರು. ಅವರ ಹೆಂಡತಿ ಅಕ್ಕನ ಮುಖವನ್ನೇ ದಿಟ್ಟಿಸಿ, "ಇದೇ ಕನ್ನಡಕದಲ್ಲಿ ಹುಡುಕಿದ್ರಾ ಮೇಡಂ? ಇದರ ನಂಬರ್ ಬದಲಾಗಿ ಎರಡು ವರ್ಷ ಆಗಿರಬೇಕು" ಅಂದರು. ಮಾರನೆಯ ವಾರ ಹೊಸ ಕನ್ನಡಕ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಇಷ್ಟು ಸಣ್ಣ ಇದೀಯಾ?" ಎಂದರು.

ಏಳರಲ್ಲಿ ನಾಲ್ಕು ಫಲಿಸಿದವು. ಐದನೆಯ ದಿನಕ್ಕೆ ಎರಡು ಉಳಿದವು, ಒಂದನ್ನು ಗರ್ಭಕ್ಕೆ ಸೇರಿಸಿದರು. ಆಮೇಲಿನ ಎರಡು ವಾರ ನಾನು ದಿನಾ ಆ ನಂಬರಿನ ಕಡತ ತೆಗೆದು ನೋಡುತ್ತಿದ್ದೆ. ಅಕ್ಕ ಕಂಡೂ ಕಾಣದಂತಿದ್ದರು. ರಕ್ತದ ವರದಿ ಬಂದ ದಿನ ಮಾತ್ರ ಅದನ್ನು ನನ್ನ ಮೇಜಿನ ನಟ್ಟನಡುವೆ ಬಿಡಿಸಿಟ್ಟು ಕೈ ತೊಳೆಯಲು ಹೋದರು. ಅಂದು ಮನೆಗೆ ಹೋಗಿ ಅಮ್ಮನಿಗೆ, "ಇವತ್ತು ನಿಜವಾಗ್ಲೂ ರಕ್ತದ ರಿಪೋರ್ಟು ನೋಡಿದೆ" ಅಂದೆ. ಅವಳು ಅದನ್ನು ಕೂಡಲೇ ಪಕ್ಕದ ಮನೆಗೆ ಹೇಳಿ ಬಂದಳು.

ಅದಾಗಿ ಸುಮಾರು ಒಂಬತ್ತು ತಿಂಗಳಿಗೆ, ಒಂದು ಮಧ್ಯಾಹ್ನ ಕೋಣೆಯ ಫೋನು ಹೊಡೆದುಕೊಂಡಿತು.

"ಸಾರ್, ನಾನು, ನಾನೂರ ಹನ್ನೆರಡು." ಐಸಣ್ಣನ ದನಿ ಪಿಸುಮಾತಿನಲ್ಲಿತ್ತು. "ಮಗು ಮನೆಗೆ ಬಂದು ಇವತ್ತಿಗೆ ಹನ್ನೊಂದು ದಿನ. ಹೆಣ್ಣು. ಇವಳು ಮಲಗಿದ್ದಾಳೆ, ಮಗು ಅಳ್ತಿದೆ. ಥರ್ಮಾಮೀಟರ್ ಕೈಯಲ್ಲೇ ಇದೆ. ರೂಮು ಎಷ್ಟು ಡಿಗ್ರಿ ಇರ್ಬೇಕು ಸಾರ್?"

ನನ್ನ ನಾಲಿಗೆಯ ತುದಿಗೆ ಒಂದು ಒಳ್ಳೆಯ ಹೋಲಿಕೆ ಬಂದಿತ್ತು. ಬಾಯಿ ಮುಚ್ಚಿಕೊಂಡು ಫೋನನ್ನು ಜರಡಿ ಅಕ್ಕನ ಕೈಗೆ ಕೊಟ್ಟೆ.

ಅಕ್ಕ ಕೇಳಿಸಿಕೊಂಡರು. "ಮೊದಲು ಆ ಥರ್ಮಾಮೀಟರ್ ಕೆಳಗಿಡಿ" ಅಂದರು. "ಇಟ್ರಾ? ಅಂಗಿ ಗುಂಡಿ ಬಿಚ್ಚಿ. ಮಗೂನ ಎದೆ ಮೇಲೆ ಹಾಕ್ಕೊಳ್ಳಿ. ಮೇಲೊಂದು ಬಟ್ಟೆ ಹೊದಿಸಿ."

ಆ ಕಡೆ ಸರಸರ ಸದ್ದು. ಅಳು ಸ್ವಲ್ಪ ಸ್ವಲ್ಪವಾಗಿ ಇಳಿದು ನಿಂತಿತು. ಬಹಳ ಹೊತ್ತಿನ ಮೇಲೆ ಐಸಣ್ಣ ಉಸಿರು ಬಿಗಿಹಿಡಿದು ಕೇಳಿದ್ದು ನನಗೂ ಕೇಳಿಸಿತು.

"ಹೀಗೆ ಎಷ್ಟು ಹೊತ್ತು ಇರ್ಬೇಕು ಮೇಡಂ?"

"ಕೈ ಜೋಮು ಹಿಡಿಯೋ ತನಕ" ಎಂದರು ಅಕ್ಕ. "ಆಮೇಲೆ ಇನ್ನೊಂದು ಕೈ ಇದೆಯಲ್ಲ."